ಹಳೆಯ ಮಡಕೆ, ಹಳೆಯ ಕತ್ತಿ: ನನ್ನ ಹವ್ಯಾಸ ಕಲಿಸಿದ ಪಾಠ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಭಾಷಣ ಮಾಡುವವನಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕರೆಂಟಿನ ಕಂಬ ಹತ್ತಿದವನು. ಸಮಿತಿಯವರು ಮನೆಗೆ ಬಂದು, "ನಿಮ್ಮ ಸಂಗ್ರಹವನ್ನೆಲ್ಲ ತಂದು ಒಂದು ಪ್ರದರ್ಶನ ಇಡಿ, ಅದರ ಬಗ್ಗೆ ಅರ್ಧ ಗಂಟೆ ಮಾತಾಡಿ" ಎಂದರು. ನಮ್ಮ ಮನೆಯ ಪಡಸಾಲೆಯಲ್ಲಿ ಕಲ್ಲುಗೊಡಲಿ, ಮಡಕೆ, ಬಾಣದ ಮೊನೆ, ಕತ್ತಿ, ಕಠಾರಿಗಳು ಇರುವುದು ಊರಿಗೆಲ್ಲ ಗೊತ್ತು. ಎಷ್ಟೋ ಜನ ನೆಂಟರನ್ನು ಕರೆತಂದು ತೋರಿಸಿದ್ದಾರೆ. ಆದರೆ ಇವತ್ತು ಈ ಮೇಜಿನ ಮೇಲೆ ಬರೀ ನಾಲ್ಕು ವಸ್ತು ಇಟ್ಟಿದ್ದೇನೆ. ಒಂದು ಕಲ್ಲುಗೊಡಲಿ, ಒಂದು ಮಡಕೆ, ಒಂದು ಕತ್ತಿ, ಒಂದು ನೋಟ್‌ಬುಕ್ಕು. ಉಳಿದವನ್ನು ಯಾಕೆ ತರಲಿಲ್ಲ ಎಂಬುದನ್ನು ಹೇಳುವುದೇ ನನ್ನ ಮಾತು.

ಮೊದಲು ಕಲ್ಲಿನ ವಿಷಯ. ನಮ್ಮ ಅಜ್ಜಿ ತುಳಸಿಕಟ್ಟೆಯ ಮೂಲೆಯಲ್ಲಿ ಒಂದು ಕಪ್ಪು ಕಲ್ಲು ಇಟ್ಟಿದ್ದಳು. ಒಂದು ಗೇಣಿಗಿಂತ ಚಿಕ್ಕದು, ಒಂದು ತುದಿ ಚೂಪು, ಇನ್ನೊಂದು ತುದಿ ಅಗಲವಾಗಿ ಹರಿತ. ಅದನ್ನು ಸಿಡಿಲಿನ ಕಲ್ಲು ಎನ್ನುತ್ತಿದ್ದಳು. ಸಿಡಿಲು ಹೊಡೆದ ಕಡೆ ನೆಲದೊಳಗೆ ಇಳಿದಿರುತ್ತದೆ, ಮಳೆ ಬಂದಾಗ ಮೇಲೆ ಬರುತ್ತದೆ ಎಂದು ಅವಳ ನಂಬಿಕೆ. ಕರು ಹೊಟ್ಟೆಯುಬ್ಬರ ಬಂದು ಮಲಗಿದರೆ ಆ ಕಲ್ಲು ಅದ್ದಿದ ನೀರು ಕುಡಿಸುತ್ತಿದ್ದಳು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಅಂಥದ್ದೇ ಇನ್ನೊಂದು ಕಲ್ಲು ನಮ್ಮ ಹೊಲದ ಬದುವಿನಲ್ಲಿ ಸಿಕ್ಕಿತು. ಆಗ ಶಾಲೆಗೆ ಈ ಕಟ್ಟಡ ಇರಲಿಲ್ಲ, ಗುಡಿಯ ಪೌಳಿಯಲ್ಲಿ ಪಾಠ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರಿಗೆ ಕಲ್ಲನ್ನು ತೋರಿಸಿದೆ. ಅವರು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದರು. "ಇದು ಸಿಡಿಲಿನಿಂದ ಬಂದದ್ದಲ್ಲ ಕಣೋ, ಮನುಷ್ಯ ಕೂತು ಮಾಡಿದ್ದು" ಎಂದರು. ಮುಂದಿನ ಭಾನುವಾರ ನಮ್ಮಲ್ಲಿ ಆರು ಹುಡುಗರನ್ನು ಬಸ್ಸಿನಲ್ಲಿ ಬಳ್ಳಾರಿಗೆ, ಅಲ್ಲಿಂದ ಸಂಗನಕಲ್ಲಿಗೆ ಕರೆದುಕೊಂಡು ಹೋದರು. ಅಲ್ಲಿ ಹಿರೇಗುಡ್ಡದ ಮೇಲೆ ಕರಿಕಲ್ಲಿನ ಒಂದು ಪಟ್ಟೆ ಹಾದುಹೋಗಿದೆ. ಆ ಕಲ್ಲನ್ನು ಒಡೆದು, ಚಕ್ಕೆ ಎಬ್ಬಿಸಿ, ಕುಟ್ಟಿ ಸಮ ಮಾಡಿ, ಕೊನೆಗೆ ಬಂಡೆಯ ಮೇಲೆ ಮರಳು ನೀರು ಹಾಕಿ ತಿಕ್ಕಿ ತಿಕ್ಕಿ ಕೊಡಲಿ ಮಾಡುತ್ತಿದ್ದರು. ತಿಕ್ಕಿದ ಬಂಡೆಗಳಲ್ಲಿ ಬಿದ್ದ ಗುಳಿಗಳು ಇನ್ನೂ ಇವೆ. ಮೇಷ್ಟ್ರು ನನ್ನ ಕಲ್ಲನ್ನು ಒಂದು ಗುಳಿಯೊಳಗೆ ಇಟ್ಟರು. ಹೇಳಿ ಮಾಡಿಸಿದ ಹಾಗೆ ಕೂತಿತು. ನಾಲ್ಕು ಸಾವಿರ ವರ್ಷಗಳ ಹಿಂದೆ ಇಲ್ಲಿ ಊರಿತ್ತು, ದನ ಸಾಕುತ್ತಿದ್ದರು, ಹುರಳಿ, ಹೆಸರು, ಕೊರಲೆ ಬೆಳೆಯುತ್ತಿದ್ದರು ಎಂಬುದನ್ನೆಲ್ಲ ನಾನು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಆದರೆ ನನ್ನ ಹುಚ್ಚು ಶುರುವಾದದ್ದು ಆ ಗುಳಿಯಲ್ಲಿ ಕಲ್ಲು ಕೂತ ಗಳಿಗೆಯಲ್ಲಿ.

ಮರುದಿನ ಮೇಷ್ಟ್ರು ಈ ನೋಟ್‌ಬುಕ್ಕು ಕೊಟ್ಟರು. ಮೊದಲ ಪುಟದಲ್ಲಿ ಅವರದೇ ಕೈಬರಹ. ದಿನಾಂಕ, ಯಾರ ಹೊಲ, ಸರ್ವೆ ನಂಬರ್, ಬಾವಿಯಿಂದ ಎಷ್ಟು ಹೆಜ್ಜೆ, ಯಾವ ದಿಕ್ಕು, ಮೇಲೆಯೇ ಬಿದ್ದಿತ್ತೋ ಅಗೆದಾಗ ಬಂತೋ, ಪಕ್ಕದಲ್ಲಿ ಇನ್ನೇನಿತ್ತು. ಇಷ್ಟನ್ನೂ ಬರೆದು ಕಲ್ಲಿಗೆ "1" ಎಂದು ಶಾಯಿಯಲ್ಲಿ ಅಂಕಿ ಹಾಕಿದರು. "ತಮ್ಮಾ, ಕಲ್ಲು ಕಳೆದರೂ ಚಿಂತೆಯಿಲ್ಲ, ಈ ಪುಟ ಕಳೀಬೇಡ" ಎಂದರು. ಕಲ್ಲಿಗಿಂತ ಕಾಗದ ಹೇಗೆ ದೊಡ್ಡದು ಎಂದು ನನಗೆ ಆಗ ಅರ್ಥವಾಗಲಿಲ್ಲ. ಮೇಷ್ಟ್ರು ವರ್ಗವಾಗಿ ಹೋಗುವವರೆಗೆ ಒಂಬತ್ತು ವಸ್ತು ಬರೆದೆವು. ಆಮೇಲೆ ಪುಸ್ತಕ ಟ್ರಂಕು ಸೇರಿತು. ವಸ್ತು ಮಾತ್ರ ಬರುತ್ತಲೇ ಇದ್ದವು.

ಕೆಲಸಕ್ಕೆ ಸೇರಿದ ಮೇಲೆ ಕೇಳುವುದೇ ಬೇಡ. ಕಂಬ ನೆಡುವುದೆಂದರೆ ಗುಂಡಿ ತೋಡುವುದು. ಹೊಲ, ಗುಡ್ಡದ ತಪ್ಪಲು, ಹಾಳೂರು, ಎಲ್ಲೆಲ್ಲೂ ತೋಡಿದ್ದೇವೆ. ರೈತರು ತಾವಾಗಿಯೇ ತಂದು ಕೊಡುತ್ತಿದ್ದರು. "ಅಣ್ಣಾ, ನಿನಗ ಬೇಕಲ್ಲ, ತಗೋ" ಎಂದು ಟವೆಲ್ಲಿನಲ್ಲಿ ಕಟ್ಟಿಕೊಂಡು ಬರುವರು. ನಾನೂ ಓದಿಕೊಂಡೆ. ಬೂದುಬಣ್ಣದ, ಕೈಯಲ್ಲೇ ಮಾಡಿದ, ಕಲ್ಲಿನಿಂದ ಉಜ್ಜಿ ನುಣುಪು ಮಾಡಿದ ದಪ್ಪ ಚೂರು ಕಲ್ಲುಗೊಡಲಿಯವರ ಕಾಲದ್ದು. ಒಳಗೂ ಬಾಯಂಚೂ ಕಪ್ಪು, ಹೊರಗೆ ಕೆಂಪು ಇದ್ದರೆ ಅದು ಸಾಮಾನ್ಯವಾಗಿ ಕಬ್ಬಿಣ ಬಂದ ಮೇಲಿನ ಕಲ್ಲುಗೋರಿಗಳವರದು. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಒಳಗೆ ಗಾಳಿ ಆಡದೆ ಕಪ್ಪಾಗುತ್ತದೆ, ಹೊರಗೆ ಗಾಳಿ ತಾಗಿ ಕೆಂಪಾಗುತ್ತದೆ ಎಂದು ವಿದ್ವಾಂಸರು ವಿವರಿಸುತ್ತಾರೆ. ಬಣ್ಣ ಬಳಿದದ್ದಲ್ಲ, ಬೆಂಕಿಯ ಕೆಲಸ. ಇಷ್ಟು ಗೊತ್ತಾದ ಮೇಲೆ ನಾನೇ ದೊಡ್ಡ ಪಂಡಿತ ಎಂದುಕೊಂಡೆ.

ಈಗ ಈ ಮಡಕೆ. 1988ನೇ ಇಸವಿ, ಬೇಸಗೆ. ಪಂಪ್‌ಸೆಟ್ಟಿನ ಹೊಸ ಲೈನು ಎಳೆಯುತ್ತಿದ್ದೆವು. ಒಂದು ಗುಂಡಿಯಲ್ಲಿ ಹಾರೆ ಟಣ್ ಎಂದಿತು. ಬಂಡೆ ಇರಬೇಕೆಂದು ಇನ್ನೆರಡು ಏಟು ಹಾಕಿದೆವು. ಬಂಡೆಯಲ್ಲ, ಚಪ್ಪಡಿ. ಅದನ್ನು ಸರಿಸಿದರೆ ಸುತ್ತಲೂ ನಿಲ್ಲಿಸಿದ ಚಪ್ಪಡಿಗಳು, ಒಳಗೆ ಸಣ್ಣ ಕೋಣೆಯ ಹಾಗೆ. ಅದರಲ್ಲಿ ಈ ಮಡಕೆ, ಇನ್ನೂ ಎರಡು ಮೂರು ಒಡೆದವು, ತುಕ್ಕು ತಿಂದ ಒಂದು ಕಬ್ಬಿಣದ ಅಲಗು, ಒಂದಿಷ್ಟು ಮೂಳೆ. ಕೂಲಿಯವರು ಹೆದರಿ ಮೇಲೆ ಹತ್ತಿದರು. ನಿಧಿ ಎಂದು ಸುದ್ದಿ ಹಬ್ಬಿದರೆ ಕೆಲಸ ನಿಲ್ಲುತ್ತದೆ ಎಂದು ನಾನು ಅವಸರ ಮಾಡಿದೆ. ಮಡಕೆಯನ್ನೂ ಅಲಗನ್ನೂ ಗೋಣಿಚೀಲಕ್ಕೆ ಹಾಕಿದೆ. ಮೂಳೆಗಳನ್ನು ಗುಂಡಿಗೇ ದೂಡಿ, ಕಂಬ ನಿಲ್ಲಿಸಿ, ಕಲ್ಲು ಜಡಿದು ಮುಚ್ಚಿಸಿದೆ. ಚಪ್ಪಡಿಯನ್ನು ಹೊಲದವರು ಬದುವಿಗೆ ಹಾಕಿಕೊಂಡರು. ಅರ್ಧ ಗಂಟೆಯ ಕೆಲಸ.

ಮನೆಗೆ ತಂದು ಏನು ಮಾಡಿದೆ? ಮಡಕೆಯೊಳಗಿನ ಮಣ್ಣನ್ನು ಬಚ್ಚಲಿಗೆ ಸುರಿದೆ. ಸೋಪಿನ ಪುಡಿ ಹಾಕಿ ತೆಂಗಿನ ನಾರಿನಿಂದ ತಿಕ್ಕಿದೆ. ಒಡೆದ ಮಡಕೆಗಳ ಚೂರುಗಳನ್ನು ಅದೇ ತಿಂಗಳು ಬೇರೆ ಗುಂಡಿಗಳಲ್ಲಿ ಸಿಕ್ಕ ಚೂರುಗಳ ಜೊತೆ ಒಂದೇ ಬುಟ್ಟಿಗೆ ಹಾಕಿದೆ. ಅಲಗಿನ ತುಕ್ಕನ್ನು ಇಟ್ಟಿಗೆ ಪುಡಿಯಿಂದ ಉಜ್ಜಿದೆ. ಅದು ಪದರ ಪದರ ಎದ್ದು ಹೋಗಿ ಅರ್ಧವಾಯಿತು. ಉಳಿದ ಅರ್ಧಕ್ಕೆ ಎಣ್ಣೆ ಬಳಿದು ಆಯುಧ ಪೂಜೆಯ ದಿನ ಕುಂಕುಮ ಹಚ್ಚಿದೆ. ನನ್ನ ಲೆಕ್ಕದಲ್ಲಿ ಅದೆಲ್ಲ ಗೌರವವೇ.

ಹದಿನೆಂಟು ವರ್ಷಗಳ ಮೇಲೆ ಒಬ್ಬ ಸಂಶೋಧಕಿ ನಮ್ಮ ಮನೆಗೆ ಬಂದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ನನ್ನ ಮಗಳ ವಾರಿಗೆಯವಳು. ಮಡಕೆಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ಅಣ್ಣಾ, ಇದು ಎಲ್ಲಿ ಸಿಕ್ತು?" ಎಂದರು. "ಪಂಪ್‌ಸೆಟ್ ಲೈನಿನ ಗುಂಡಿಯಲ್ಲಿ" ಎಂದೆ. "ಯಾವ ಗುಂಡಿ?" ಎಂದರು. ಇಬ್ಬರೂ ಹೋದೆವು. ಹೊಲದ ಉದ್ದಕ್ಕೂ ಹನ್ನೊಂದು ಕಂಬ. ಮೊದಲನೆಯದರಿಂದ ಕೊನೆಯದರವರೆಗೆ ನಡೆದೆ. ಹಿಂದಕ್ಕೆ ನಡೆದೆ. ಬದು ಬದಲಾಗಿದೆ, ಬೇವಿನ ಮರ ಇಲ್ಲ, ಚಪ್ಪಡಿ ಯಾರದೋ ಮನೆಯ ಬಚ್ಚಲಿಗೆ ಹೋಗಿದೆ. ನಾನೇ ತೋಡಿದ ಗುಂಡಿ, ನಾನೇ ನೆಟ್ಟ ಕಂಬ, ಯಾವುದೆಂದು ನನಗೇ ಗೊತ್ತಾಗಲಿಲ್ಲ. ಆಕೆ ಬೈಯಲಿಲ್ಲ. ಮೂಳೆ ಯಾವ ಕಡೆ ಇತ್ತು, ಅಲಗು ಮಡಕೆಯ ಪಕ್ಕ ಇತ್ತೋ ಒಳಗೆ ಇತ್ತೋ, ಮಡಕೆಯಲ್ಲಿ ಏನಿತ್ತು ಎಂದು ಒಂದೊಂದಾಗಿ ಕೇಳಿದರು. ಒಂದಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ. "ಒಳಗೆ ಬರೀ ಮಣ್ಣಿತ್ತಮ್ಮ" ಎಂದೆ. "ಆ ಮಣ್ಣಿನಲ್ಲೇ ಇರ್ತಿತ್ತಣ್ಣ" ಎಂದರು.

ಅದೇನು ಎಂದು ಆಕೆಯೇ ವಿವರಿಸಿದರು. ಹಳೆಯ ಊರುಗಳ ಮಣ್ಣನ್ನು ನೀರಿಗೆ ಹಾಕಿ ಕಲಕಿದರೆ ಸುಟ್ಟು ಕರಕಲಾದ ಕಾಳುಗಳು ತೇಲಿ ಮೇಲೆ ಬರುತ್ತವೆ. ನಾನು ಆಗಲೇ ಹೇಳಿದ ಹುರಳಿ, ಹೆಸರು, ಕೊರಲೆಯ ವಿಷಯ ತಿಳಿದದ್ದು ಹಾಗೆ, ಸಂಗನಕಲ್ಲಿನಂಥ ಕಡೆ ಮಣ್ಣನ್ನು ಜರಡಿ ಹಿಡಿದು. ಇದ್ದಿಲು ಸಿಕ್ಕರೆ ಕಾಲ ಗೊತ್ತಾಗುತ್ತದೆ. ಮೂಳೆ ಸಿಕ್ಕರೆ ಗಂಡೋ ಹೆಣ್ಣೋ, ವಯಸ್ಸೆಷ್ಟು, ಏನು ತಿನ್ನುತ್ತಿದ್ದರು ಎಂಬುದೂ ತಿಳಿಯಬಹುದು. ನಾನು ಬಚ್ಚಲಿಗೆ ಸುರಿದದ್ದು ಅದನ್ನೇ. ಉಳಿಸಿಕೊಂಡದ್ದು ಚೆಂದ ಕಾಣುವ ಮಡಕೆಯನ್ನು ಮಾತ್ರ.

ಒಂದು ಚೂರಿಗೆ ಜಾಗ ಯಾಕೆ ಬೇಕು ಎಂದು ಕೆಲವರಿಗೆ ಅನಿಸಬಹುದು. ಒಂದು ನಿಜವಾದ ಉದಾಹರಣೆ ಹೇಳುತ್ತೇನೆ. 1945ರಲ್ಲಿ ಮಾರ್ಟಿಮರ್ ವ್ಹೀಲರ್ ಎಂಬ ಪುರಾತತ್ವಜ್ಞರು ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಅಗೆಸಿದರು. ಅಲ್ಲಿ ಇಟಲಿಯಲ್ಲಿ ತಯಾರಾದ ಕೆಂಪು ಹೊಳಪಿನ ಮಡಕೆಯ ಚೂರುಗಳು ಸಿಕ್ಕವು. ಆ ಮಡಕೆಯ ಕಾಲ ಯುರೋಪಿನಲ್ಲಿ ಮೊದಲೇ ಗೊತ್ತಿತ್ತು, ಸುಮಾರು ಎರಡು ಸಾವಿರ ವರ್ಷದ ಹಿಂದಿನದು. ಅದರ ಜೊತೆಗೆ, ಒಳತಳದಲ್ಲಿ ಸಣ್ಣ ಸಣ್ಣ ಗೀರುಗಳ ಉಂಗುರ ಇರುವ ತಟ್ಟೆಗಳೂ ಸಿಕ್ಕವು. 1947ರಲ್ಲಿ ಅವರೇ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಗೆಸಿದಾಗ ಮೇಲಿನ ಪದರದಲ್ಲಿ ಅಂಥದ್ದೇ ಉಂಗುರದ ತಟ್ಟೆಯ ಚೂರು ಬಂತು. ಮೇಲಿನ ಪದರದ ಕಾಲ ಗೊತ್ತಾಯಿತು. ಅದರ ಕೆಳಗೆ ಕಲ್ಲುಗೋರಿಯವರು, ಅವರ ಕೆಳಗೆ ಕಲ್ಲುಗೊಡಲಿಯವರು ಎಂಬ ಕ್ರಮವೂ ತಿಳಿಯಿತು. ಮುಂದೆ ಬಂದವರು ಆ ಕಾಲಗಳನ್ನು ಇನ್ನೂ ತಿದ್ದಿದ್ದಾರೆ. ಆದರೆ ದಕ್ಷಿಣದ ಹಳೆಯ ಕಾಲಕ್ಕೆ ಮೊದಲ ಮೆಟ್ಟಿಲು ಸಿಕ್ಕಿದ್ದು ಕೆಲವು ಚೂರುಗಳಿಂದ. ಆ ಚೂರುಗಳನ್ನು ನನ್ನಂಥವನು ಮೊದಲೇ ಆರಿಸಿ ತಂದು ಗೂಡಿನಲ್ಲಿ ಇಟ್ಟಿದ್ದರೆ? ಚೂರು ಇರುತ್ತಿತ್ತು, ಮೆಟ್ಟಿಲು ಇರುತ್ತಿರಲಿಲ್ಲ.

ಹಾಗಾದರೆ ಸಂಗ್ರಹ ಮಾಡುವುದೇ ತಪ್ಪೇ? ಹಾಗಲ್ಲ. ನಮ್ಮ ಬಳ್ಳಾರಿಯ ಗುಡ್ಡಗಳ ಹೆಸರನ್ನು ಜಗತ್ತಿಗೆ ತಿಳಿಸಿದವರೂ ಒಬ್ಬ ಹವ್ಯಾಸಿ ಸಂಗ್ರಾಹಕರೇ. ರಾಬರ್ಟ್ ಬ್ರೂಸ್ ಫೂಟ್, ಭೂವಿಜ್ಞಾನ ಇಲಾಖೆಯ ನೌಕರರು. ಅವರ ಕೆಲಸ ಕಲ್ಲು, ಖನಿಜ ನೋಡುವುದು. 1863ರ ಮೇ 30ರಂದು ಮದ್ರಾಸಿನ ಹತ್ತಿರ ಪಲ್ಲಾವರದಲ್ಲಿ ಹಳೆ ಶಿಲಾಯುಗದ ಒಂದು ಆಯುಧವನ್ನು ಗುರುತಿಸಿದರು. ಆಮೇಲೆ ದಕ್ಷಿಣದಲ್ಲೆಲ್ಲ ಕುದುರೆಯ ಮೇಲೆ, ಕಾಲ್ನಡಿಗೆಯಲ್ಲಿ ಓಡಾಡುವಾಗ ಕೊಡಲಿ, ಚಕ್ಕೆ, ಮಡಕೆ ಚೂರು ಕೂಡಿಸಿದರು. ಬಳ್ಳಾರಿ ಸುತ್ತಿನ ಗುಡ್ಡಗಳನ್ನೂ ಬೂದಿದಿಬ್ಬಗಳನ್ನೂ ನೋಡಿ ಬರೆದರು. 1904ರಲ್ಲಿ ಅವರ ಸಂಗ್ರಹವನ್ನು ಮದ್ರಾಸ್ ಸರ್ಕಾರ ವಸ್ತುಸಂಗ್ರಹಾಲಯಕ್ಕಾಗಿ ಕೊಂಡಿತು. 1912ರಲ್ಲಿ ಅವರು ತೀರಿಕೊಂಡರು. ಅವರ ಸಂಗ್ರಹದ ಪಟ್ಟಿ 1914ರಲ್ಲಿ, ಟಿಪ್ಪಣಿಗಳು 1916ರಲ್ಲಿ ಅಚ್ಚಾದವು. ವಸ್ತುವಿಗೆ ಅಂಕಿ, ಅಂಕಿಯ ಮುಂದೆ ಊರು. ಅದನ್ನು ಹಿಡಿದುಕೊಂಡು ಇಂದಿಗೂ ಸಂಶೋಧಕರು ಆ ಜಾಗಗಳನ್ನು ಹುಡುಕಿ ಹೋಗುತ್ತಾರೆ. ಬಳ್ಳಾರಿಯಲ್ಲಿ ಅವರ ಹೆಸರಿನಲ್ಲೇ ಒಂದು ಪುರಾತತ್ವ ಸಂಗ್ರಹಾಲಯ ಇದೆ, ಮಕ್ಕಳು ನೋಡಬೇಕು. ಅವರ ಕಾಲದ ಅಗೆತದ ಕ್ರಮ ಬೇರೆ, ಇಂದಿನ ಕಾನೂನು ಬೇರೆ, ಅದು ಒತ್ತಟ್ಟಿಗಿರಲಿ. ಅವರಿಗೂ ನನಗೂ ವ್ಯತ್ಯಾಸ ಇಷ್ಟೇ. ಅವರು ಬರೆದಿಟ್ಟರು, ನಾನು ಬರೆಯಲಿಲ್ಲ. ನಮ್ಮ ಮೇಷ್ಟ್ರು ಮೊದಲ ಪುಟದಲ್ಲಿ ಕಲಿಸಿದ್ದು ಅದನ್ನೇ.

ಏನನ್ನೂ ತೆಗೆದುಕೊಳ್ಳದೆ ಹೆಸರು ಉಳಿಸಿಕೊಂಡವರೂ ಇದ್ದಾರೆ. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಬಂಡೆಯ ಮೇಲೆ ಅಕ್ಷರ ನೋಡಿದರು. ಅವರು ಹುಡುಕುತ್ತಿದ್ದದ್ದು ಚಿನ್ನ. ಸಿಕ್ಕಿದ್ದನ್ನು ಬಲ್ಲವರಿಗೆ ತಿಳಿಸಿದರು. ಓದಿ ನೋಡಿದರೆ ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಲ್ಲಿಯವರೆಗೆ ಶಾಸನಗಳಲ್ಲಿ ದೇವಾನಾಂಪ್ರಿಯ ಎಂಬ ಬಿರುದು ಕಾಣುತ್ತಿತ್ತೇ ಹೊರತು ಹೆಸರು ಸಿಕ್ಕಿರಲಿಲ್ಲ. ಆ ಬಂಡೆ ಇವತ್ತೂ ಮಸ್ಕಿಯಲ್ಲೇ ಇದೆ.

ಈಗ ಕತ್ತಿಯ ವಿಷಯ. ಇದನ್ನು ಹೇಳಲು ನನಗೆ ಸ್ವಲ್ಪ ಕಷ್ಟ. ಈ ಕತ್ತಿ ನಮ್ಮೂರಿನ ಒಂದು ಮನೆಯದು. ಆ ಮನೆಯವರು ಪ್ರತಿ ಮಹಾನವಮಿಗೆ ಜಗಲಿಯ ಮೇಲೆ ಇಟ್ಟು ಪೂಜೆ ಮಾಡುತ್ತಿದ್ದರು. ಬರಗಾಲದ ಒಂದು ವರ್ಷ ಆ ಮನೆಯ ಅಜ್ಜಿಗೆ ಮುನ್ನೂರು ರೂಪಾಯಿ ಕೊಟ್ಟು ತಂದೆ. "ತಗೊಂಡು ಹೋಗಪ್ಪ, ನಿನ್ನ ಕಡೆ ಜ್ವಾಪಾನ ಇರ್ತೈತಿ" ಎಂದಳು. ಮೋಸ ಮಾಡಿದೆ ಎಂದು ನಾನು ಹೇಳಲಾರೆ. ಆದರೆ ಹಸಿದವರ ಹತ್ತಿರ ಕೊಂಡದ್ದು ಪೂರ್ತಿ ಕೊಂಡದ್ದಲ್ಲ ಎಂದು ವಯಸ್ಸಾದ ಮೇಲೆ ಅನಿಸುತ್ತದೆ. ಆ ಅಜ್ಜಿಗೆ ಕತ್ತಿಯ ಕಥೆ ಗೊತ್ತಿತ್ತು. ಅವರ ಹಿರಿಯರಲ್ಲಿ ಯಾರು ಯಾವ ಪಾಳೇಗಾರರ ಕಡೆ ಊಳಿಗಕ್ಕಿದ್ದರು, ಈ ಕತ್ತಿ ಹೇಗೆ ಬಂತು ಎಂದು ಹೇಳುತ್ತಿದ್ದಳು. ನಾನು ಹಿಡಿಕೆಯ ಕೆತ್ತನೆ ನೋಡುತ್ತಾ ನಿಂತಿದ್ದೆ, ಕಿವಿ ಕೊಡಲಿಲ್ಲ. ಹರಪನಹಳ್ಳಿಯೋ, ಗುಡೇಕೋಟೆಯೋ, ಜರಿಮಲೆಯೋ, ಈಗ ಹೇಳುವವರು ಯಾರೂ ಇಲ್ಲ. ಅಜ್ಜಿ ಹೋದಳು, ಕಥೆಯೂ ಹೋಯಿತು. ಗೋಡೆಗೆ ತೂಗುಹಾಕಿದ ಕತ್ತಿ ಉಳಿಯಿತು. ಬಂದವರು ಯಾರದು ಎಂದರೆ "ನನ್ನದು" ಎನ್ನುತ್ತಿದ್ದೆ.

ಆಯುಧದ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ಬಿದನೂರು ನಗರದಲ್ಲಿ 2002ರ ಸುಮಾರಿಗೆ ಒಂದು ಪಾಳುಬಾವಿಯಿಂದ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಹೊರಬಂದವು. ಮೊದಲಿಗೆ ಯಾವುದೋ ಯುದ್ಧದ ಗುಂಡುಗಳು ಎಂದುಕೊಂಡಿದ್ದರು. ಪರೀಕ್ಷೆ ಮಾಡಿದಾಗ ಹೈದರ್ ಅಲಿ, ಟಿಪ್ಪು ಸುಲ್ತಾನರ ಕಾಲದ ರಾಕೆಟ್ಟುಗಳು ಎಂದು ತಿಳಿಯಿತು. 2018ರಲ್ಲಿ ಅಲ್ಲಿ ಮತ್ತೆ ಅಗೆಸಿದಾಗ ಸಾವಿರಕ್ಕೂ ಹೆಚ್ಚು ಸಿಕ್ಕವು. ಸಿಕ್ಕವರು ಒಂದೊಂದು ಮನೆಗೆ ಹಂಚಿಕೊಂಡಿದ್ದರೆ, ಗುಜರಿಗೆ ತೂಕಕ್ಕೆ ಹಾಕಿದ್ದರೆ, ಒಂದೇ ಬಾವಿಯಲ್ಲಿ ಅಷ್ಟೊಂದು ಇದ್ದವು ಎಂಬ ದೊಡ್ಡ ಸಂಗತಿಯೇ ಅಳಿಸಿಹೋಗುತ್ತಿತ್ತು. ಅವುಗಳೊಳಗೆ ಮದ್ದು ಕೂಡ ಇತ್ತು. ಆದ್ದರಿಂದ ಮಕ್ಕಳೇ, ಕೊಳವೆಯಂಥದ್ದು, ಗುಂಡಿನಂಥದ್ದು, ಹಳೆಯ ಬಂದೂಕು ಕಂಡರೆ ಮುಟ್ಟಬೇಡಿ, ಬಡಿಯಬೇಡಿ. ದೊಡ್ಡವರಿಗೆ ಹೇಳಿ, ಪೊಲೀಸರಿಗೆ ತಿಳಿಸಿ.

ಕಾನೂನಿನ ವಿಷಯವನ್ನೂ ಚುಟುಕಾಗಿ ಹೇಳಿಬಿಡುತ್ತೇನೆ, ಎಷ್ಟೋ ಜನ ನನ್ನನ್ನು ಕೇಳಿದ್ದಾರೆ. 1972ರ ಪುರಾತನ ವಸ್ತುಗಳ ಕಾಯಿದೆಯ ಪ್ರಕಾರ ನೂರು ವರ್ಷಕ್ಕಿಂತ ಹಳೆಯ ಇಂಥ ವಸ್ತುಗಳು ಪುರಾತನ ವಸ್ತುಗಳು. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ವಿಗ್ರಹಗಳಂಥ ಕೆಲವು ಬಗೆಯವನ್ನು ನೋಂದಾಯಿಸಲೇಬೇಕು. ನೆಲದೊಳಗೆ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಎಂದು ನಿಧಿಯ ಕಾಯಿದೆ ಹೇಳುತ್ತದೆ. ನಮ್ಮ ರಾಜ್ಯದ್ದು 1962ರದು. ನಾನು ಇದನ್ನೆಲ್ಲ ಓದಿದ್ದು ಬಹಳ ತಡವಾಗಿ.

ನಿಧಿಯ ಆಸೆಯಿಂದ ಆಗುವ ಹಾನಿ ನಿಮಗೇ ಗೊತ್ತು. ರಾತ್ರೋರಾತ್ರಿ ಗುಡಿಯ ಗರ್ಭಗುಡಿ ಅಗೆಯುತ್ತಾರೆ, ವೀರಗಲ್ಲು ಉರುಳಿಸುತ್ತಾರೆ, ಕಲ್ಲುಗೋರಿ ಒಡೆಯುತ್ತಾರೆ. ಕಲ್ಲುಗೋರಿಯಲ್ಲಿ ಇರುವುದು ಮಡಕೆ, ಮೂಳೆ, ಕಬ್ಬಿಣ, ಕೆಲವು ಮಣಿ. ಅದು ನಮ್ಮ ಹಾಗೆಯೇ ಬದುಕಿದವರ ಸಮಾಧಿ. ಗಂಗಾವತಿ ಕಡೆಯ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಅಂಥ ಕಲ್ಲುಮನೆಗಳು ನೂರಾರು ಇವೆ, ಜನ ಅವನ್ನು ಮೋರ್ಯರ ಮನೆ ಎನ್ನುತ್ತಾರೆ. ನೋಡಿ ಬನ್ನಿ, ಗುಡ್ಡದ ತುದಿಯಲ್ಲಿ ಒಂದು ಊರೇ ನಿಂತ ಹಾಗಿದೆ. ನಿಧಿಗಳ್ಳ ಆಸೆಯಿಂದ ಒಡೆಯುತ್ತಾನೆ, ನಾನು ಪ್ರೀತಿಯಿಂದ ಕಿತ್ತೆ. ಮಣ್ಣಿಗೆ ಎರಡೂ ಒಂದೇ.

ಬೂದಿದಿಬ್ಬದ ಕತೆಯೂ ಹೀಗೆಯೇ. ಬಳ್ಳಾರಿಯ ಹತ್ತಿರ ಕುಡತಿನಿಯಲ್ಲಿ ದೊಡ್ಡ ಬೂದಿದಿಬ್ಬ ಇದೆ. ಹಂಪಿಯ ಹತ್ತಿರ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಆ ನಂಬಿಕೆ ಇದ್ದದ್ದರಿಂದಲೇ ಅದು ಉಳಿದಿರಬಹುದು, ನಗಬೇಡಿ. ಪರೀಕ್ಷಿಸಿದವರು ಇಂಥ ದಿಬ್ಬಗಳು ದನದ ಸಗಣಿ ಸುಟ್ಟ ಬೂದಿ ಎಂದು ಕಂಡುಕೊಂಡರು. ಪಾಲಮೂರು ಸೀಮೆಯ ಉಟ್ನೂರಿನಲ್ಲಿ ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ಸಾವಿರಾರು ವರ್ಷದ ಹಿಂದಿನ ದನದ ದೊಡ್ಡಿ! ಆದರೆ ಬೂದಿ ಒಳ್ಳೆಯ ಗೊಬ್ಬರ ಎಂದು ಎಷ್ಟೋ ದಿಬ್ಬಗಳನ್ನು ಬಂಡಿಯಲ್ಲಿ, ಟ್ರ್ಯಾಕ್ಟರಿನಲ್ಲಿ ಹೇರಿ ಮುಗಿಸಿದ್ದೇವೆ. ನಮ್ಮ ಸೀಮೆಯಲ್ಲಿ ಇನ್ನೂ ಏನು ಉಳಿದಿದೆಯೋ ಅದನ್ನು ಉಳಿಸುವವರು ದೂರದಿಂದ ಬರುವುದಿಲ್ಲ. ಆ ಹೊಲದವರೇ ಆಗಬೇಕು.

ಕೆಲಸದಿಂದ ನಿವೃತ್ತನಾದ ಮೇಲೆ ಮನೆಯಲ್ಲಿರುವುದನ್ನೆಲ್ಲ ನೆಲದ ಮೇಲೆ ಹರಡಿ ಪಟ್ಟಿ ಮಾಡಲು ಕುಳಿತೆ. ನನ್ನ ಮೊಮ್ಮಗಳು ಬರೆದುಕೊಂಡಳು. ಒಟ್ಟು 217 ವಸ್ತು. ಒಂದೊಂದನ್ನೂ ಎತ್ತಿ ಹಿಡಿದು "ತಾತಾ, ಇದು ಎಲ್ಲಿದು?" ಎಂದು ಕೇಳುತ್ತಿದ್ದಳು. ಖಚಿತವಾಗಿ ಹೇಳಲು ಆದದ್ದು 31ಕ್ಕೆ. ಅದರಲ್ಲಿ ಒಂಬತ್ತು ಮೇಷ್ಟ್ರು ಬರೆಸಿದವು. ಉಳಿದ 186ರ ಮುಂದೆ ಅವಳು "ಗೊತ್ತಿಲ್ಲ" ಎಂದು ಬರೆದಳು. ಒಂದು ಪುಟ ತುಂಬ ಗೊತ್ತಿಲ್ಲ, ಗೊತ್ತಿಲ್ಲ, ಗೊತ್ತಿಲ್ಲ. ನಲವತ್ತು ವರ್ಷದ ನನ್ನ ಹವ್ಯಾಸದ ಅಂಕಪಟ್ಟಿ ಅದು. ನಮ್ಮ ಶಾಲೆಯ ಲೆಕ್ಕದಲ್ಲಿ ಹೇಳುವುದಾದರೆ ನಾನು ನಪಾಸು.

ಆದ್ದರಿಂದ ಮೂರು ತೀರ್ಮಾನ ಮಾಡಿದ್ದೇನೆ. ಎಲ್ಲರ ಮುಂದೆ ಹೇಳಿದರೆ ಹಿಂದೆ ಸರಿಯಲು ಆಗುವುದಿಲ್ಲ ಎಂದು ಇಲ್ಲೇ ಹೇಳುತ್ತಿದ್ದೇನೆ.

ಒಂದು, ಮಡಕೆ, ಕಲ್ಲುಗೊಡಲಿ, ಬಾಣದ ಮೊನೆಗಳನ್ನೆಲ್ಲ ಪಟ್ಟಿಯ ಸಮೇತ ರಾಜ್ಯದ ಪುರಾತತ್ವ ಇಲಾಖೆಗೆ ಒಪ್ಪಿಸುತ್ತೇನೆ. ಅರ್ಜಿ ಬರೆದು ಕಳಿಸಿದ್ದೇನೆ. "ಗೊತ್ತಿಲ್ಲ" ಎಂಬ ಪುಟವನ್ನೂ ಹಾಗೆಯೇ ಕೊಡುತ್ತೇನೆ. ಊಹೆ ಮಾಡಿ ಊರಿನ ಹೆಸರು ಬರೆದರೆ ಅದು ಇನ್ನೊಂದು ತಪ್ಪಾಗುತ್ತದೆ. ಅವಸರದಲ್ಲಿ ಪ್ರದರ್ಶನಕ್ಕೆ ಹೊತ್ತು ತಂದು ಅಂಕಿ ಅದಲುಬದಲಾದರೆ ಎಂಬ ಭಯದಿಂದಲೇ ಎಲ್ಲವನ್ನೂ ಇಲ್ಲಿಗೆ ತರಲಿಲ್ಲ.

ಎರಡು, ಈ ಕತ್ತಿ. ಅದರ ಫೋಟೋ, ಅಳತೆ ಎಲ್ಲ ಪಟ್ಟಿಯಲ್ಲಿ ಸೇರಿದೆ. ಇಲಾಖೆಯವರು ನೋಡಿ ಅಡ್ಡಿಯಿಲ್ಲ ಎಂದ ಮೇಲೆ ಅದು ಆ ಅಜ್ಜಿಯ ಮನೆಗೆ ಹಿಂತಿರುಗುತ್ತದೆ. ಅಜ್ಜಿಯ ಮೊಮ್ಮಗ ಇದೇ ಶಾಲೆಯಲ್ಲಿ ಓದಿದವನು, ಹಿಂದಿನ ಸಾಲಿನಲ್ಲಿ ಕುಳಿತಿದ್ದಾನೆ. ತಮ್ಮಾ, ಮುನ್ನೂರು ರೂಪಾಯಿ ವಾಪಸು ಬೇಡ. ಬರುವ ಮಹಾನವಮಿಗೆ ನಿಮ್ಮ ಜಗಲಿಯ ಮೇಲೆ ಅದು ಇರಲಿ. ನಿಮ್ಮ ದೊಡ್ಡಪ್ಪನಿಗೋ ಅತ್ತೆಗೋ ಅಜ್ಜಿ ಹೇಳಿದ ಕಥೆ ತುಣುಕಾದರೂ ನೆನಪಿದ್ದರೆ ಇವತ್ತೇ ಕೂರಿಸಿ ಬರೆದುಕೋ.

ಮೂರು, ಈ ನೋಟ್‌ಬುಕ್ಕು. ಇದು ಶಾಲೆಗೆ. ಮೇಷ್ಟ್ರು ಈಗಿಲ್ಲ. ಅವರ ಕೈಬರಹದ ಮೊದಲ ಪುಟ ಇದೆ, ಒಂಬತ್ತು ವಸ್ತುಗಳ ವಿವರ ಇದೆ, ಆಮೇಲೆ ಖಾಲಿ ಪುಟಗಳಿವೆ. ಆ ಖಾಲಿ ಪುಟ ತುಂಬುವ ಕೆಲಸ ಈ ಮಕ್ಕಳದು.

ಹೇಗೆ ತುಂಬಬೇಕು? ವಸ್ತು ತರಬೇಡಿ, ಸುದ್ದಿ ತನ್ನಿ. ಉಳುವಾಗ, ಬಾವಿ ತೋಡುವಾಗ, ಪಾಯ ಅಗೆಯುವಾಗ ಏನಾದರೂ ಕಂಡರೆ ಅಲ್ಲೇ ಬಿಡಿ. ಪಕ್ಕದಲ್ಲಿ ಒಂದು ಪೆನ್ನು ಇಟ್ಟು ಫೋಟೋ ತೆಗೆಯಿರಿ, ಅಳತೆ ತಿಳಿಯುತ್ತದೆ. ಜಾಗ ಎಲ್ಲಿ ಎಂಬುದನ್ನು ಈಗಿನ ಫೋನೇ ಗುರುತಿಸಿಡುತ್ತದೆ. ದಿನಾಂಕ, ಹೊಲ, ಸರ್ವೆ ನಂಬರ್, ಎಷ್ಟು ಆಳ, ಜೊತೆಗೆ ಏನಿತ್ತು, ಮೊದಲು ಕಂಡವರು ಯಾರು, ಎಲ್ಲ ಬರೆಯಿರಿ. ತೊಳೆಯಬೇಡಿ, ಅಂಟು ಹಾಕಬೇಡಿ, ಎಣ್ಣೆ ಬಳಿಯಬೇಡಿ. ನಿಮ್ಮ ಮೇಷ್ಟ್ರಿಗೆ ಹೇಳಿ, ಅವರು ಇಲಾಖೆಗೆ ತಿಳಿಸುತ್ತಾರೆ. ಅದೊಂದೇ ಅಲ್ಲ, ಹೊಲಗಳ ಹೆಸರು ಕೂಡಿಸಿ. ಬೂದಿಗುಂಡಿ, ಹಾಳೂರು, ಊರದಿಬ್ಬ, ಪಾಂಡವರ ಮನೆ ಎಂಬ ಹೆಸರುಗಳು ಸುಮ್ಮನೆ ಬಂದಿರುವುದಿಲ್ಲ. ನಿಮ್ಮ ಅಜ್ಜ ಅಜ್ಜಿಯರಿಗೆ ಅವೆಲ್ಲ ಬಾಯಿಪಾಠ. ಅವರು ಹೋಗುವುದರೊಳಗೆ ಬರೆದುಕೊಳ್ಳಿ. ಇದೂ ಸಂಗ್ರಹವೇ. ಇದಕ್ಕೆ ಗೂಡು ಬೇಡ, ಬೀಗ ಬೇಡ, ಯಾರ ಪರವಾನಗಿಯೂ ಬೇಡ.

ರೈತ ಬಾಂಧವರಿಗೆ ಒಂದು ಮಾತು. ಇಲಾಖೆಗೆ ತಿಳಿಸಿದರೆ ಹೊಲವನ್ನೇ ಕಸಿದುಕೊಳ್ಳುತ್ತಾರೆ ಎಂದು ಹೆದರಿ ಎಷ್ಟೋ ಜನ ರಾತ್ರಿಯೇ ಮುಚ್ಚಿಬಿಡುತ್ತಾರೆ. ಒಂದು ಮಡಕೆ ಸಿಕ್ಕ ಮಾತ್ರಕ್ಕೆ ಹೊಲ ಹೋಗುವುದಿಲ್ಲ. ಅನುಮಾನ ಇದ್ದರೆ ಶಾಲೆಗೆ ಬನ್ನಿ, ಮೇಷ್ಟ್ರ ಜೊತೆ ಕೂತು ಮಾತಾಡಿ. ನಾನೂ ಇದ್ದೇನೆ. ಕಂಬ ಹತ್ತುವುದು ಬಿಟ್ಟಿದ್ದೇನೆ, ನಡೆಯುವುದು ಬಿಟ್ಟಿಲ್ಲ.

ಕೊನೆಯದಾಗಿ ಒಂದು ವಿಷಯ. ಆ ಹನ್ನೊಂದು ಕಂಬಗಳು ಈಗಲೂ ಇವೆ. ಹೊಲದ ಕಡೆ ಹೋದಾಗಲೆಲ್ಲ ನನಗೆ ಗೊತ್ತಿಲ್ಲದೆಯೇ ಎಣಿಸುತ್ತೇನೆ. ಅವುಗಳಲ್ಲಿ ಒಂದರ ಬುಡದಲ್ಲಿ ಯಾರೋ ಒಬ್ಬರು ಮಲಗಿದ್ದಾರೆ. ಅವರ ಮನೆಯವರು ಮಡಕೆ ಇಟ್ಟು, ಕಬ್ಬಿಣ ಇಟ್ಟು, ಅಷ್ಟು ದೊಡ್ಡ ಚಪ್ಪಡಿ ಎಳೆದು ತಂದು ಮುಚ್ಚಿ ಹೋಗಿದ್ದರು. ನಾನು ಅರ್ಧ ಗಂಟೆಯಲ್ಲಿ ಕೆಡಿಸಿದೆ. ಆ ಲೈನನ್ನು ಮುಂದೆ ಎಂದಾದರೂ ಬದಲಾಯಿಸಿದರೆ, ಕಂಬ ಕೀಳುವ ದಿನ ಈ ಶಾಲೆಯ ಒಬ್ಬ ಹುಡುಗನೋ ಹುಡುಗಿಯೋ ಈ ನೋಟ್‌ಬುಕ್ಕು ಹಿಡಿದು ಅಲ್ಲಿ ನಿಂತಿರಬೇಕು. ಹೊಲ ಯಾವುದೆಂದು ಹತ್ತನೆಯ ಪುಟದಲ್ಲಿ ಬರೆದಿಟ್ಟಿದ್ದೇನೆ. ಎಷ್ಟನೆಯ ಕಂಬ ಎಂಬ ಜಾಗ ಮಾತ್ರ ಖಾಲಿ ಇದೆ.